2021ರಲ್ಲೇ ತೀರಿಸಿದ ಬೈಕ್ ಸಾಲ, ಸಿಬಿಲ್‌ನಲ್ಲಿ ಇನ್ನೂ ಬಾಕಿ ಅಂತಿದೆ. ಏನು ಮಾಡಲಿ?

ಮೂಡಿಗೆರೆ ತೋಟದವ:
ಕಾಫಿ ಒಣಗಿಸುವ ಕಣ ಬಿರುಕು ಬಿಟ್ಟಿದೆ. ಹಣ್ಣು ಕುಯ್ಯುವ ಮುಂಚೆ ಸಿಮೆಂಟ್ ಹಾಕಿಸೋಣ ಅಂತ ಸಾಲ ಕೇಳಲು ಹೋದೆ. ಬ್ಯಾಂಕಿನವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಸಾಲಗಳ ದಾಖಲೆ ಇಡುವ ಸಿಬಿಲ್ ಕಂಪನಿಯ ರಿಪೋರ್ಟ್ ಅದು. ಬೈಕ್ ಸಾಲದಲ್ಲಿ 4,312 ರೂಪಾಯಿ ಬಾಕಿ, ಸ್ಕೋರ್ 611.

ಆ ಸಾಲ 2021ರಲ್ಲೇ ತೀರಿದೆ. ಸಾಲ ತೀರಿತು ಅಂತ ಫೈನಾನ್ಸ್‌ನವರು ಕೊಟ್ಟ ಪತ್ರ, ಎನ್‌ಒಸಿ, ಬೀರುವಿನಲ್ಲಿ ಆರ್‌ಸಿ ಜೊತೆಗೇ ಇದೆ. ಮಡಿಚಿದ ಜಾಗದಲ್ಲಿ ಹರಿದಿದೆ, ಆದರೆ ಸೀಲು, ತಾರೀಖು, ಲೋನ್ ನಂಬರ್ ಚೆನ್ನಾಗಿ ಕಾಣುತ್ತವೆ. ಫೈನಾನ್ಸ್‌ನವರಿಗೆ ಫೋನ್ ಮಾಡಿದರೆ "ಅಷ್ಟು ಕಟ್ಟಿಬಿಡಿ, ಸರಿಹೋಗುತ್ತೆ" ಅಂತಾರೆ. ಪೇಟೆಯಲ್ಲಿ ಒಬ್ಬರು 5,000 ಕೊಟ್ಟರೆ ಸ್ಕೋರ್ ಏರಿಸಿಕೊಡ್ತೀನಿ ಅಂದರು. ಒಂದು ಕಂತೂ ತಪ್ಪಿಸಿದವನಲ್ಲ ನಾನು. ಬಾಕಿದಾರ ಅನ್ನಿಸಿಕೊಂಡು ಎದ್ದು ಬರುವಾಗ ತುಂಬಾ ನೋವಾಯಿತು.

ಹಾಸನದ ಟೈಲರ್:
ಅಣ್ಣಾ, ಇಬ್ಬರಿಗೂ ಒಂದು ರೂಪಾಯಿ ಕೊಡಬೇಡಿ. ದೂರು ಹಾಕೋದಕ್ಕೆ ದುಡ್ಡೇ ಬೇಡ. ನನ್ನ ರಿಪೋರ್ಟಿನಲ್ಲಿ ಯಾರದೋ ಚಿನ್ನದ ಸಾಲ ಸೇರಿಕೊಂಡಿತ್ತು. ಸಿಬಿಲ್ ವೆಬ್‌ಸೈಟಿಗೆ ಲಾಗಿನ್ ಆಗಿ ಆ ಸಾಲದ ಮೇಲೆ ಡಿಸ್ಪ್ಯೂಟ್, ಅಂದರೆ ತಪ್ಪಿದೆ ಅಂತ ದೂರು, ಹಾಕಿದೆ. ಬಂದ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಸಿಬಿಲ್‌ನವರು ತಾವಾಗಿ ತಿದ್ದಲ್ಲ, ಸಾಲ ಕೊಟ್ಟವರು ಒಪ್ಪಬೇಕು. ಅದಕ್ಕೇ ಫೈನಾನ್ಸ್‌ಗೂ ಎನ್‌ಒಸಿ ಫೋಟೋ ಸಮೇತ ಇಮೇಲ್ ಕಳಿಸಿ. ಫೋನಿನ ಮಾತಿಗೆ ಸಾಕ್ಷಿ ಇರಲ್ಲ ಅಲ್ವಾ?

ಚಿಕ್ಕಮಗಳೂರು, ನಿವೃತ್ತ ಬ್ಯಾಂಕ್ ನೌಕರ:
ಈ ತಂಗಿ ಹೇಳಿದ್ದು ಸರಿ. ದೂರು 30 ದಿನದಲ್ಲಿ ಬಗೆಹರಿಯಬೇಕು, ಅದರಲ್ಲಿ ಸಾಲ ಕೊಟ್ಟವರಿಗೆ ಸಿಗುವುದು 21 ದಿನ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. ರಿಸರ್ವ್ ಬ್ಯಾಂಕಿನ ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆಗಲೂ ಕೇಳದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಬರೆಯಿರಿ, ಅದಕ್ಕೂ ಖರ್ಚಿಲ್ಲ.

4,312 ಹೇಗೆ ಬಂತು ಅಂತ ಲೋನ್ ಸ್ಟೇಟ್‌ಮೆಂಟ್ ಕೇಳಿ. ಮುಖ್ಯವಾಗಿ, "ಸೆಟಲ್ಡ್" ಅಂತ ಬರೆಯಲು ಬಿಡಬೇಡಿ. ಪೂರ್ತಿ ಕಟ್ಟದೆ ರಾಜಿ ಮಾಡಿಕೊಂಡವರಿಗೆ ಹಾಕುವ ಮಾತು ಅದು. ನಿಮಗೆ "ಕ್ಲೋಸ್ಡ್" ಅಂತಲೇ ಬರಬೇಕು. ಸಿಬಿಲ್ ಥರದ್ದೇ ಬೇರೆ ಕಂಪನಿಗಳಾದ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್‌ನಲ್ಲೂ ನೋಡಿ. ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಎಲ್ಲ ಕಡೆ ಉಚಿತ.

ಮೂಡಿಗೆರೆ ತೋಟದವ:
ಸರ್, ತಂಗೀ, ದೂರು ಹಾಕಿ ಇವತ್ತಿಗೆ 26 ದಿನ. ಸ್ಟೇಟ್‌ಮೆಂಟ್ ಬಂತು. ಎನ್‌ಒಸಿ ಕೊಟ್ಟ ಮುಂದಿನ ತಿಂಗಳು ಕಂತಿನ ದುಡ್ಡು ಖಾತೆಯಿಂದ ಬರಲಿಲ್ಲ ಅಂತ ಬೌನ್ಸ್ ಚಾರ್ಜ್ 590 ಹಾಕಿದ್ದಾರೆ! ಮುಗಿದ ಸಾಲಕ್ಕೆ ಎಲ್ಲಿಯ ಕಂತು? ಅದಕ್ಕೆ ದಂಡ ಬೆಳೆದು 4,312 ಆಗಿದೆ. ಈಗ ಸಿಬಿಲ್‌ನಲ್ಲಿ ಬಾಕಿ ಸೊನ್ನೆ, "ಕ್ಲೋಸ್ಡ್" ಅಂತಿದೆ. ಎರಡು ಸಲ ತೆಗೆದು ನೋಡಿದೆ. ಈಕ್ವಿಫ್ಯಾಕ್ಸ್‌ನಲ್ಲಿ ಮಾತ್ರ ಇನ್ನೂ ಹಳೇದೇ ಇದೆ, ರಾತ್ರಿ ಕೂತು ಅಲ್ಲೂ ದೂರು ಹಾಕುತ್ತೇನೆ. ಸೋಮವಾರ ಹೊಸ ರಿಪೋರ್ಟ್ ಹಿಡಿದು ಬ್ಯಾಂಕಿಗೆ ಹೋಗಬೇಕು.