ಥೇಮ್ಸ್ ಬ್ಯಾರಿಯರ್: ‘ತಡೆಗೋಡೆ’ ಸರಿಯೇ?

ಲಂಡನ್ನಿನಲ್ಲಿ ಥೇಮ್ಸ್ ನದಿಗೆ ಅಡ್ಡಲಾಗಿ, ಉಕ್ಕಿಬರುವ ಕಡಲ ನೀರನ್ನು ತಡೆಯಲು ಕಟ್ಟಿದ ಥೇಮ್ಸ್ ಬ್ಯಾರಿಯರ್ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ, ಅದನ್ನು ಕನ್ನಡದಲ್ಲಿ ಏನೆನ್ನುವುದು ಎಂಬಲ್ಲೇ ತೊಡಕಾಗಿದೆ. ‘ಪ್ರವಾಹ ತಡೆಗೋಡೆ’ ಎಂದು ಬರೆಯುವುದು ಸುಲಭ. ಆದರೆ ಗೋಡೆಯೆಂದರೆ ಸದಾ ನಿಂತಿರುವಂಥದ್ದು. ಇದರ ಮುಖ್ಯ ಗೇಟುಗಳು ಸಾಮಾನ್ಯವಾಗಿ ನದಿಯ ತಳದಲ್ಲಿ ಮಲಗಿರುತ್ತವೆ, ಹಡಗುಗಳು ಅವುಗಳ ಮೇಲೆಯೇ ಹಾದುಹೋಗುತ್ತವೆ. ನೀರನ್ನು ಕೂಡಿಡುವುದಿಲ್ಲವಾದ್ದರಿಂದ ‘ಅಣೆಕಟ್ಟು’ ಒಗ್ಗದು. ‘ಒಡ್ಡು’ ಎಂದರೆ ಮಣ್ಣಿನ ಏರಿಯೇ ಕಣ್ಣಿಗೆ ಕಟ್ಟುತ್ತದೆ.

ಅದರ ಕೆಲಸವನ್ನು ನೋಡಿದರೆ ‘ಕದ’ ಹತ್ತಿರವೆನಿಸುತ್ತದೆ. ನದಿ ಅಲ್ಲಿ ಸುಮಾರು 520 ಮೀಟರ್ ಅಗಲವಿದೆ. ನಡುವಿನ ನಾಲ್ಕು ದೊಡ್ಡ ಗೇಟುಗಳು ತಲಾ 61 ಮೀಟರ್ ಉದ್ದ, 3,000 ಟನ್ನಿಗೂ ಹೆಚ್ಚು ತೂಕದ ಟೊಳ್ಳು ಉಕ್ಕಿನವು. ಒಂದು ಮೈ ಚಪ್ಪಟೆ, ಇನ್ನೊಂದು ಕಮಾನಿನಂತೆ ಬಾಗಿದ್ದು. ಬಾಗಿದ ಮೈ ನದಿತಳದ ಕಾಂಕ್ರೀಟ್ ತಗ್ಗಿನಲ್ಲಿ ಕುಳಿತಿರುತ್ತದೆ. ಎರಡೂ ತುದಿಗಳಲ್ಲಿರುವ ಭಾರೀ ಚಕ್ರಗಳು ಕಾಲು ಸುತ್ತು ತಿರುಗಿದರೆ ಕದ ಎದ್ದು ನಿಲ್ಲುತ್ತದೆ. ಇನ್ನೂ ತಿರುಗಿಸಿದರೆ ನೀರಿನಿಂದ ಮೇಲೆ ಬಂದು ದುರಸ್ತಿಗೆ ಸಿಗುತ್ತದೆ. ತಗ್ಗಿರುವ ಆ ಕಾಂಕ್ರೀಟ್ ಪಟ್ಟಿಗೆ ನಾನು ‘ಹೊಸ್ತಿಲು’ ಎಂದು ಬರೆದಿದ್ದೇನೆ. ಕದವಿದ್ದ ಮೇಲೆ ಹೊಸ್ತಿಲು ತಾನಾಗಿ ಬಂತು.

ಹಾಗಾದರೆ ‘ನೆರೆಗದ’ ಎನ್ನೋಣವೇ? (‘ನೆರೆಬಾಗಿಲು’ ಎಂದರಂತೂ ಪಕ್ಕದ ಮನೆಯ ಬಾಗಿಲಾದೀತು!) ಆದರೆ ‘ನೆರೆ’ ಎಂದಾಗ ನಾವು ನೆನೆಯುವುದು ಮಳೆಯಿಂದ ಉಕ್ಕಿದ ಹೊಳೆಯನ್ನು. ಇಲ್ಲಿ ಅಪಾಯ ಬರುವುದು ಮುಖ್ಯವಾಗಿ ಕಡಲಿನಿಂದ. 1953ರಲ್ಲಿ ಬಿರುಗಾಳಿ ಉತ್ತರ ಸಮುದ್ರದ ನೀರನ್ನು ದಡಕ್ಕೆ ತಳ್ಳಿ ಇಂಗ್ಲೆಂಡಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. 1984ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ಈ ಕಟ್ಟಣೆಯ ಮೂಲ ಅಲ್ಲಿದೆ. ಇಳಿತದ ಹೊತ್ತಿಗೇ ಕದ ಮುಚ್ಚುತ್ತಾರೆ, ಮೇಲಿನಿಂದ ಬರುವ ಹೊಳೆಯ ನೀರಿಗೆ ಒಳಗೆ ಜಾಗವಿರಲೆಂದು. ಹೀಗಾಗಿ ‘ಉಬ್ಬರಗದ’ ಹೆಚ್ಚು ನಿಖರವೆಂದು ನನಗನಿಸುತ್ತದೆ, ಕಿವಿಗೆ ಹೊಸದೆನಿಸಿದರೂ.

ಇನ್ನೊಂದು ಪ್ರಶ್ನೆ. ನದಿಯ ನಡುವಿನ ಕಂಬಗಳ ಮೇಲೆ, ಯಂತ್ರಗಳನ್ನು ಮುಚ್ಚುವಂತೆ, ಸ್ಟೇನ್‌ಲೆಸ್ ಸ್ಟೀಲ್ ಹೊದಿಸಿದ ಬಾಗಿದ ಹೊದಿಕೆಗಳಿವೆ. ಬಿಸಿಲಿಗೆ ಬೆಳ್ಳಿಯಂತೆ ಹೊಳೆಯುತ್ತವೆ, ಮೋಡ ಕವಿದರೆ ನೀರಿನದೇ ಬಣ್ಣ. ಬರೀ ಯಂತ್ರಕ್ಕೆ ಇಷ್ಟು ಚೆಲುವು ಬೇಕಿರಲಿಲ್ಲ, ಆದರೂ ಕೊಟ್ಟಿದ್ದಾರೆ. ‘ಮುಚ್ಚಳ’ ತೀರಾ ಡಬ್ಬಿಯದಾಯಿತು, ‘ಶಿಖರ’ ಗುಡಿಯದಾಯಿತು. ಮಳೆಗೆ ತಲೆಯ ಮೇಲಿಂದ ಹೊದೆಯುವ ಕಂಬಳಿ ಕೊಪ್ಪೆ ಹಾಕಿಕೊಂಡು ಸಾಲಾಗಿ ನಿಂತವರ ಹಾಗೆ ಕಾಣುವುದರಿಂದ ‘ಕೊಪ್ಪೆ’ ಎನ್ನಬಹುದೇ? ಆ ಪದ ಬಳಕೆಯಲ್ಲಿಲ್ಲದ ಕಡೆಯ ಓದುಗರಿಗೆ ಇದು ತಿಳಿಯುತ್ತದೆಯೇ, ಅಥವಾ ‘ಮುಸುಕು’ ಸಾಕೇ? ಕಡಲಂಚಿನವರು ಉಪ್ಪುನೀರು ತಡೆಯುವ ಕದಕ್ಕೆ ಬೇರೆ ಹೆಸರು ಬಳಸುತ್ತಿದ್ದರೆ ಅದನ್ನೂ ತಿಳಿಸಿ.