ಹೊಸ ಲ್ಯಾಪ್‌ಟಾಪ್: ಎಸ್‌ಎಸ್‌ಡಿ ಚುಚ್ಚಿದರೆ ಮೌಸ್ ತಡವರಿಸುತ್ತದೆ, ಚಾರ್ಜ್ ಏರುವುದೇ ಇಲ್ಲ

ಸಾಗರ_ಡಿಟಿಪಿ:

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ಸೊಸೈಟಿಗಳ ವಾರ್ಷಿಕ ವರದಿ, ಇದೇ ಕೆಲಸ. ಯಜಮಾನರು ಪ್ರಿಂಟಿಂಗ್ ನೋಡಿಕೊಳ್ಳುತ್ತಾರೆ. ಟೈಪಿಂಗ್ ಮತ್ತು ಪುಟ ಕಟ್ಟುವುದು ನನ್ನದು. ಹಳೇ ಡೆಸ್ಕ್‌ಟಾಪ್ ಈ ಮಳೆಗಾಲದಲ್ಲಿ ಕೈಕೊಟ್ಟಿತು. ಹೋದ ವಾರ 14 ಇಂಚಿನ ಹೊಸ ಲ್ಯಾಪ್‌ಟಾಪ್ ತಂದೆವು. ಜೊತೆಗೆ 27 ಇಂಚಿನ 4ಕೆ ಮಾನಿಟರ್, ವೈರ್‌ಲೆಸ್ ಮೌಸ್, ಒಂದೇ ಪೋರ್ಟಿಗೆ ಹಲವು ಸಾಧನ ಚುಚ್ಚಲು ಒಂದು ಟೈಪ್-ಸಿ ಹಬ್, ಹಳೇ ಫೈಲುಗಳನ್ನು ಇಡಲು ಒಂದು ಎಕ್ಸ್‌ಟರ್ನಲ್ ಎಸ್‌ಎಸ್‌ಡಿ. 4ಕೆ ಮಾನಿಟರೇ ಬೇಕು ಅಂತ ಹಟ ಹಿಡಿದವಳು ನಾನು. ಸಣ್ಣ ಅಕ್ಷರದಲ್ಲಿ ‘ರಾಷ್ಟ್ರ’ದ ಒತ್ತು ಕಲಸಿಕೊಂಡು ಕಂಡರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸಾವಿರ ಪ್ರತಿ ಪ್ರಿಂಟ್ ಆದ ಮೇಲೆ ಗಿರಾಕಿ ಬಂದು ತೋರಿಸುತ್ತಾರೆ.

ಈಗ ಮೂರು ತೊಂದರೆ ಆಗಿದೆ. ಮೌಸ್ ಮಧ್ಯೆ ಮಧ್ಯೆ ನಿಂತುಹೋಗುತ್ತದೆ, ಆಮೇಲೆ ಒಮ್ಮೆಲೇ ಹಾರುತ್ತದೆ. ಒಂದು ಸಾಲನ್ನು ಹಿಡಿದು ಸ್ವಲ್ಪ ಮೇಲೆ ಸರಿಸಲು ಹೋದರೆ ಅದು ಪುಟದ ಆಚೆಗೇ ಹೋಗಿ ಕೂರುತ್ತದೆ. ಹೊಸ ಸೆಲ್ ಹಾಕಿದೆ, ಮೌಸ್ ಪ್ಯಾಡ್ ಬದಲಾಯಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಎರಡನೆಯದು, ಎಡಗಡೆ ಎರಡು ಟೈಪ್-ಸಿ ಪೋರ್ಟ್ ಇವೆ. ಹಿಂದಿನದಕ್ಕೆ ಹಬ್ ಹಾಕಿದರೆ ಮಾನಿಟರ್ ಬರುತ್ತದೆ, ಮುಂದಿನದಕ್ಕೆ ಹಾಕಿದರೆ ಬರುವುದಿಲ್ಲ. ಮೂರನೆಯದು ಚಾರ್ಜ್. ಲ್ಯಾಪ್‌ಟಾಪಿನ ಜೊತೆ ಬಂದ 65 ವ್ಯಾಟಿನ ಚಾರ್ಜರನ್ನು ಮನೆಯಲ್ಲೇ ಇಟ್ಟಿದ್ದೇನೆ. ಅಂಗಡಿಯಲ್ಲಿ ಯಜಮಾನರ ಫೋನಿನ 67 ವ್ಯಾಟ್ ಚಾರ್ಜರ್ ಹಾಕುತ್ತೇನೆ. ಎರಡು ವ್ಯಾಟ್ ಜಾಸ್ತಿಯೇ ಇದೆ ಅಲ್ವಾ? ಆದರೂ ಸಂಜೆ ಹೊತ್ತಿಗೆ ಬ್ಯಾಟರಿ ಇಳಿದಿರುತ್ತದೆ. ಲ್ಯಾಪ್‌ಟಾಪೇ ಕೆಟ್ಟದ್ದು ಬಂದಿದೆಯಾ? ವಾಪಸ್ ಕೊಡಲು ಇನ್ನು ಮೂರು ದಿನ ಮಾತ್ರ ಇದೆ. ದಯವಿಟ್ಟು ಯಾರಾದರೂ ಹೇಳಿ.

ಬೆಸುಗೆಕಡ್ಡಿ:

ಮೇಡಂ, ಗಾಬರಿ ಆಗಬೇಡಿ. ಲ್ಯಾಪ್‌ಟಾಪ್ ಕೆಟ್ಟಿಲ್ಲ ಅಂತಲೇ ನನಗೆ ಅನಿಸುತ್ತದೆ. ಮೊದಲು ನಾಲ್ಕು ವಿಷಯ ನೋಡಿ ಹೇಳಿ. ಮೌಸಿನ ಪುಟ್ಟ ರಿಸೀವರ್ ಎಲ್ಲಿ ಚುಚ್ಚಿದ್ದೀರಿ? ಮೌಸ್ ಯಾವಾಗಲೂ ನಿಲ್ಲುತ್ತದಾ, ಏನಾದರೂ ಮಾಡುವಾಗ ಮಾತ್ರ ನಿಲ್ಲುತ್ತದಾ? ಎರಡು ಟೈಪ್-ಸಿ ಪೋರ್ಟುಗಳ ಪಕ್ಕ ಏನೇನು ಗುರುತು ಇದೆ? ಫೋನ್ ಚಾರ್ಜರಿನ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ‘ಔಟ್‌ಪುಟ್’ ಅಂತ ಇರುತ್ತದೆ, ಅದನ್ನು ಇದ್ದ ಹಾಗೇ ಬರೆದು ಹಾಕಿ.

ಸಾಗರ_ಡಿಟಿಪಿ:

ರಿಸೀವರ್ ಹಬ್ಬಿನಲ್ಲಿದೆ ಸರ್. ಅದರ ಪಕ್ಕದ ತೂತಿಗೇ ಎಸ್‌ಎಸ್‌ಡಿ ಹಾಕಿದ್ದೇನೆ. ನೀವು ಕೇಳಿದ ಮೇಲೆ ಗಮನ ಕೊಟ್ಟು ನೋಡಿದೆ. ಎಸ್‌ಎಸ್‌ಡಿ ತೆಗೆದರೆ ಮೌಸ್ ಸರಿ! ಹಾಕಿದ ಕೂಡಲೇ ಮತ್ತೆ ಶುರು. ಫೈಲ್ ಕಾಪಿ ಆಗುವಾಗಲಂತೂ ಮುಟ್ಟುವ ಹಾಗೇ ಇಲ್ಲ.

ಹಿಂದಿನ ಪೋರ್ಟಿನ ಪಕ್ಕ ಇಂಗ್ಲಿಷಿನ ಡಿ ಮತ್ತು ಪಿ ಸೇರಿದ ಹಾಗೆ ಒಂದು ಗುರುತು ಇದೆ. ಮುಂದಿನದಕ್ಕೆ ಬರೀ ಯುಎಸ್‌ಬಿಯ ತ್ರಿಶೂಲದಂಥ ಗುರುತು. ಚಾರ್ಜರ್ ಮೇಲಿನದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ: 5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 3 ಆಂಪಿಯರ್, 11 ವೋಲ್ಟ್ 6.1 ಆಂಪಿಯರ್. ಚಾರ್ಜರಿನ ತೂತು ಹಳೇ ಥರದ ಅಗಲದ್ದು. ಆ ಕೇಬಲಿನ ಇನ್ನೊಂದು ತುದಿ ಮಾತ್ರ ಟೈಪ್-ಸಿ.

ಬೆಸುಗೆಕಡ್ಡಿ:

ಇಷ್ಟು ಸರಿಯಾಗಿ ಬರೆದಿದ್ದೀರಲ್ಲ, ಅರ್ಧ ಕೆಲಸ ಮುಗಿಯಿತು.

ಚಾರ್ಜರಿನಿಂದ ಶುರು ಮಾಡುತ್ತೇನೆ, ಅದು ಸುಲಭ. 11ನ್ನು 6.1ರಿಂದ ಗುಣಿಸಿ ನೋಡಿ, 67 ಬರುತ್ತದೆ. ಆ 67 ವ್ಯಾಟ್ ಇರುವುದು ಆ ಫೋನಿಗೆ ಮಾತ್ರ. ಫೋನ್ ಮತ್ತು ಚಾರ್ಜರ್ ತಮ್ಮ ಕಂಪನಿಯ ಭಾಷೆಯಲ್ಲಿ ಮಾತಾಡಿಕೊಂಡು ಆ 11 ವೋಲ್ಟಿಗೆ ಹೋಗುತ್ತವೆ. ನಿಮ್ಮ ಲ್ಯಾಪ್‌ಟಾಪಿಗೆ ಆ ಭಾಷೆ ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಪವರ್ ಡೆಲಿವರಿ, ಅಂದರೆ ಪಿಡಿ. ಪಿಡಿ ಮಾತುಕತೆ ನಡೆಯಬೇಕಾದರೆ ಕೇಬಲಿನ ಎರಡೂ ತುದಿ ಟೈಪ್-ಸಿ ಇರಬೇಕು. ಅಗಲದ ತುದಿಯ ಕೇಬಲಿನಲ್ಲಿ ಅದು ಆಗುವುದಿಲ್ಲ, ಹಾಗಾಗಿ ಬರೀ 5 ವೋಲ್ಟ್ ಸಿಗುತ್ತದೆ. 3 ಆಂಪಿಯರ್ ಪೂರ್ತಿ ಬಂದರೂ 15 ವ್ಯಾಟ್. ನಿಮ್ಮ ಲ್ಯಾಪ್‌ಟಾಪ್ ಕೇಳುವುದು 20 ವೋಲ್ಟ್ 3.25 ಆಂಪಿಯರ್, ಅಂದರೆ 65 ವ್ಯಾಟ್. ಇನ್ನು ಬ್ಯಾಟರಿ ಇಳಿಯದೆ ಏನು ಮಾಡುತ್ತದೆ?

ಅಂಗಡಿಗೆ ಬೇರೆ ಚಾರ್ಜರ್ ತಗೊಳ್ಳುವುದಾದರೆ ಡಬ್ಬದ ಮುಂದಿನ ದೊಡ್ಡ ಅಂಕಿ ನೋಡಬೇಡಿ. ಹಿಂದೆ ತಿರುಗಿಸಿ ‘20 ವೋಲ್ಟ್’ ಸಾಲು ಇದೆಯಾ, ಅದರ ಎದುರು 3.25 ಅಥವಾ ಜಾಸ್ತಿ ಇದೆಯಾ, ಅಷ್ಟು ನೋಡಿ. ಕೇಬಲಿಗೂ ಲೆಕ್ಕ ಇದೆ. ಸಾಧಾರಣ ಸಿ-ಟು-ಸಿ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟಿನವರೆಗೆ ಮಾತ್ರ. ಅದರ ಮೇಲೆ ಹೋಗಬೇಕಾದರೆ ಕೇಬಲಿನ ಒಳಗೆ ಒಂದು ಚಿಪ್ ಇರಬೇಕು. ‘100 ವ್ಯಾಟ್’ ಅಥವಾ ‘5 ಆಂಪಿಯರ್’ ಅಂತ ಬರೆದಿರುವ ಕೇಬಲಿನಲ್ಲಿ ಅದು ಇರುತ್ತದೆ.

ಪೋರ್ಟಿನ ವಿಷಯ ಒಂದೇ ಮಾತು. ಡಿ-ಪಿ ಗುರುತು ಅಂದರೆ ಡಿಸ್‌ಪ್ಲೇಪೋರ್ಟ್. ಆ ತೂತಿನಿಂದ ಮಾತ್ರ ಚಿತ್ರ ಹೊರಗೆ ಬರುತ್ತದೆ. ಆಕಾರ ಒಂದೇ ಇದ್ದರೂ ಕೆಲಸ ಒಂದೇ ಅಲ್ಲ. ಅದು ದೋಷವಲ್ಲ, ನಿಮ್ಮ ಲ್ಯಾಪ್‌ಟಾಪ್ ಮಾಡಿರುವುದೇ ಹಾಗೆ.

ಈಗ ಮೌಸ್. ಇದನ್ನು ಸ್ವಲ್ಪ ನಿಧಾನ ಓದಿ. ಎಷ್ಟೋ ಜನ ಇದರಿಂದ ಒಳ್ಳೆಯ ಮೌಸುಗಳನ್ನೇ ಎಸೆದುಬಿಡುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ನಿಮ್ಮ ಮೌಸ್ ರಿಸೀವರ್ ಜೊತೆ ಮಾತಾಡುವುದು 2.4 ಗಿಗಾಹರ್ಟ್ಸ್ ರೇಡಿಯೋದಲ್ಲಿ. ನಿಮ್ಮ ಎಸ್‌ಎಸ್‌ಡಿ ಯುಎಸ್‌ಬಿ 3ರದ್ದು. ಸೆಕೆಂಡಿಗೆ 500 ಕೋಟಿ ಬಿಟ್ ಅಲ್ಲಿ ಓಡುತ್ತವೆ. ಅಷ್ಟು ವೇಗದಲ್ಲಿ ತಂತಿಯಲ್ಲಿ ವಿದ್ಯುತ್ ಏರಿಳಿದರೆ ಪಕ್ಕಕ್ಕೆ ರೇಡಿಯೋ ಗದ್ದಲ ಸೋರುತ್ತದೆ. ಆ ಗದ್ದಲ ಅಗಲಕ್ಕೆ ಹರಡುತ್ತದೆ, 2.4 ಗಿಗಾಹರ್ಟ್ಸ್ ಅದರ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಪ್ಲಗ್ಗಿನಿಂದ, ಕೇಬಲಿನಿಂದ, ಎಸ್‌ಎಸ್‌ಡಿಯ ಮೈಯಿಂದ, ಎಲ್ಲ ಕಡೆಯಿಂದಲೂ ಸೋರಬಹುದು. 2012ರಲ್ಲಿ ಇಂಟೆಲ್ ಕಂಪನಿಯೇ ಇದನ್ನು ಅಳೆದು ತೋರಿಸಿ ಒಂದು ವರದಿ ಹಾಕಿತ್ತು. ರಿಸೀವರನ್ನು ದೂರ ಇಡಿ ಅಂತ ಅದರಲ್ಲೇ ಇದೆ. ಮೈಕ್ ಕಟ್ಟಿದ ಜಾತ್ರೆಯಲ್ಲಿ ಪಕ್ಕದವರು ಪಿಸುಗುಟ್ಟಿದರೆ ಕೇಳುತ್ತದಾ? ನಿಮ್ಮ ರಿಸೀವರ್ ಕೂತಿರುವುದು ಆ ಮೈಕಿನ ಬುಡದಲ್ಲಿ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ಎಸ್‌ಎಸ್‌ಡಿಯ ಕೇಬಲಿನ ಅಗಲದ ತುದಿ ಕೈಗೆ ತಗೊಂಡು ಒಳಗೆ ಇಣುಕಿ. ಮುಂದೆ ನಾಲ್ಕು ಚಪ್ಪಟೆ ಪಟ್ಟಿ ಇರುತ್ತವೆ. ಅವುಗಳ ಹಿಂದೆ, ಸ್ವಲ್ಪ ಆಳದಲ್ಲಿ, ಇನ್ನೂ ಐದು ಇರುತ್ತವೆ. ಆ ಐದರಲ್ಲೇ ಯುಎಸ್‌ಬಿ 3ರ ಓಟ. ಈಗ ಫೋನ್ ಚಾರ್ಜಿಗೆ ಬಳಸುವ ಸಾಧಾರಣ ಕೇಬಲ್ ನೋಡಿ, ಅದರಲ್ಲಿ ಹಿಂದಿನ ಐದು ಇರುವುದಿಲ್ಲ. ಆ ಕೇಬಲಿನಲ್ಲಿ ಎಸ್‌ಎಸ್‌ಡಿಯನ್ನು ಅದೇ ತೂತಿಗೆ ಹಾಕಿ, ಕಾಪಿ ಮಾಡಿ. ಕಾಪಿ ನಿಧಾನ ಆಗುತ್ತದೆ, ಆದರೆ ಮೌಸ್ ಸರಿ ಇರಬೇಕು. ಹಾಗಾದರೆ ಕಳ್ಳ ಸಿಕ್ಕಿದ ಹಾಗೆ.

ಆಮೇಲೆ ರಿಸೀವರನ್ನು ಬಲಗಡೆಯ ಟೈಪ್-ಎ, ಅಂದರೆ ಹಳೇ ಥರದ ಅಗಲದ ಪೋರ್ಟಿಗೆ ಹಾಕಿ, ಹಬ್ ಎಡಕ್ಕೇ ಇರಲಿ. ಅಷ್ಟು ದೂರ ಸಾಕಾಗದಿದ್ದರೆ ಒಂದು ಮೀಟರಿನ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ಕೇಬಲ್ ತಂದು ರಿಸೀವರನ್ನು ಮೌಸಿನ ಹತ್ತಿರ ಇಡಿ. ಹೊಸ ಮೌಸ್ ತರಬೇಡಿ.

ಧಾರವಾಡ_ಪೇಢೆ:

ಅಕ್ಕಾರೆ, ನಡುವೆ ಬಾಯಿ ಹಾಕುತ್ತಿದ್ದೇನೆ. ಬೆಸುಗೆಕಡ್ಡಿ ಅವರು ಹೇಳಿದ್ದು ಖರೆ. ನಮ್ಮಲ್ಲಿ ಇದೇ ಗದ್ದಲಕ್ಕೆ ವೈಫೈ ಬೀಳುತ್ತಿತ್ತು. ಹಾರ್ಡ್ ಡಿಸ್ಕಿನಿಂದ ಕಾಪಿ ಹಚ್ಚಿದ ಕೂಡಲೇ ನೆಟ್ ಬಂದ್. ರೌಟರಿನಲ್ಲಿ 5 ಗಿಗಾಹರ್ಟ್ಸ್ ಹೆಸರು ಬೇರೆ ಇರುತ್ತದೆ, ಅದಕ್ಕೆ ಸೇರಿಸಿದ ಮೇಲೆ ಸರಿ ಹೋಯಿತು. ಆದರೆ 5 ಗಿಗಾಹರ್ಟ್ಸ್ ಗೋಡೆ ದಾಟಿ ಜಾಸ್ತಿ ದೂರ ಹೋಗುವುದಿಲ್ಲ, ರೌಟರ್ ಅದೇ ಕೋಣೆಯಲ್ಲಿದ್ದರೆ ಒಳ್ಳೆಯದು.

ಇನ್ನೊಂದು ಮಾತು. ನಿಮ್ಮ ಕಡೆ ಸಿಡಿಲು ಜಾಸ್ತಿ. ಮೋಡ ಕಟ್ಟಿದ ಕೂಡಲೇ, ಗುಡುಗು ಶುರುವಾಗುವ ಮೊದಲೇ ಚಾರ್ಜರ್ ಪ್ಲಗ್ ಕಿತ್ತಿಡಿ, ಮಾನಿಟರಿನದೂ ಕಿತ್ತಿಡಿ, ರೌಟರಿಗೆ ಬರುವ ವೈರನ್ನೂ ಬಿಡಿಸಿ. ಸ್ವಿಚ್ ಆಫ್ ಮಾಡಿದರೆ ಸಾಲುವುದಿಲ್ಲ. ಸ್ಪೈಕ್ ಗಾರ್ಡ್ ತಗೊಂಡರೂ ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಚುರುಚುರು ಅಂದರೆ ಅಲ್ಲಿ ಅರ್ಥಿಂಗ್ ಇಲ್ಲ ಅನ್ನುವ ಅನುಮಾನ ಮೊದಲು ಬರಬೇಕು.

ಸಾಗರ_ಡಿಟಿಪಿ:

ಬೆಸುಗೆಕಡ್ಡಿ ಸರ್, ಕಳ್ಳ ಸಿಕ್ಕಿದ! ಐದು ಪಟ್ಟಿ ಎಣಿಸಿಯೇ ನೋಡಿದೆ. ಫೋನ್ ಕೇಬಲಿನಲ್ಲಿ ಕಾಪಿಗೆ ಹಾಕಿ ಮೌಸ್ ಆಡಿಸಿದೆ, ಒಂದು ಸಲವೂ ನಿಲ್ಲಲಿಲ್ಲ. ರಿಸೀವರನ್ನು ಬಲಕ್ಕೆ ಹಾಕಿ ಹಳೇ ಕೇಬಲನ್ನೇ ವಾಪಸ್ ಹಾಕಿದ್ದೇನೆ, ಈಗಲೂ ನಿಲ್ಲುತ್ತಿಲ್ಲ. ಮನೆ ಚಾರ್ಜರನ್ನು ಅಂಗಡಿಗೆ ತಂದೆ, ಬ್ಯಾಟರಿ ಏರುತ್ತಿದೆ. ಧಾರವಾಡದವರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಅಂಗಡಿಯ ಸಾಕೆಟ್ಟಿನಲ್ಲಿ ಮೂರನೇ ತೂತಿಗೆ ವೈರೇ ಇರಲಿಲ್ಲವಂತೆ. ಎಲೆಕ್ಟ್ರಿಷಿಯನ್ ಬಂದು ನೋಡಿದ್ದಾರೆ, ನಾಳೆ ಸರಿ ಮಾಡುತ್ತಾರೆ.

ಆದರೆ ಒಂದು ಉಳಿದಿದೆ. ಲ್ಯಾಪ್‌ಟಾಪಿನ ಪರದೆಯಲ್ಲಿ ಮೌಸ್ ಬೆಣ್ಣೆ ಥರ ಓಡುತ್ತದೆ. ದೊಡ್ಡ ಮಾನಿಟರಿಗೆ ಬಂದ ಕೂಡಲೇ ಭಾರ ಅನಿಸುತ್ತದೆ. ಮೊದಲಿನ ಹಾಗೆ ನಿಲ್ಲುವುದಿಲ್ಲ, ಕೈ ಮುಂದೆ ಹೋಗಿ ಬಾಣದ ಗುರುತು ಹಿಂದೆ ಬಂದ ಹಾಗೆ. ಸಂಜೆ ಹೊತ್ತಿಗೆ ಕಣ್ಣು ಸೋಲುತ್ತದೆ. ಇದೂ ಆ ಗದ್ದಲದ್ದೇನಾ?

ಬೆಸುಗೆಕಡ್ಡಿ:

ಒಳ್ಳೆಯದು ಕೇಳಿದಿರಿ. ಅಲ್ಲ, ಇದು ಬೇರೆ. ವಿಂಡೋಸ್ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅದರ ಕೆಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ. ಮೇಲೆ ದೊಡ್ಡ ಮಾನಿಟರನ್ನು ಆರಿಸಿ. ರಿಫ್ರೆಶ್ ರೇಟ್ ಎಷ್ಟಿದೆ?

ಸಾಗರ_ಡಿಟಿಪಿ:

30 ಹರ್ಟ್ಸ್ ಅಂತ ಇದೆ. ಒತ್ತಿ ನೋಡಿದರೆ ಅದಕ್ಕಿಂತ ಜಾಸ್ತಿ ಯಾವುದೂ ಇಲ್ಲ. ಮಾನಿಟರಿನ ಡಬ್ಬದ ಮೇಲೆ 60 ಅಂತ ಬರೆದಿದ್ದಾರೆ.

ಬೆಸುಗೆಕಡ್ಡಿ:

ಅದೇ ಕಾರಣ. 30 ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ. 60ರಲ್ಲಿ ಆಗುವುದರ ಅರ್ಧ. ಫೋಟೋ ನೋಡಲು ನಡೆಯುತ್ತದೆ, ಇಡೀ ದಿನ ಸಾಲು ಜೋಡಿಸುವವರಿಗೆ ಖಂಡಿತ ಸಾಲುವುದಿಲ್ಲ. ಮಾನಿಟರ್ ಸರಿಯಾಗಿದೆ, ಅಡ್ಡ ನಿಂತಿರುವುದು ಹಬ್.

ಟೈಪ್-ಸಿ ಒಳಗೆ ವೇಗದ ದಾರಿ ನಾಲ್ಕು ಇವೆ ಅಂದುಕೊಳ್ಳಿ. ನಿಮ್ಮ ಥರದ ಹಬ್ ಎರಡನ್ನು ಯುಎಸ್‌ಬಿ 3ಕ್ಕೆ ಕೊಟ್ಟು, ಎರಡನ್ನು ಮಾತ್ರ ಚಿತ್ರಕ್ಕೆ ಬಿಡುತ್ತದೆ. ಹಳೇ ಡಿಸ್‌ಪ್ಲೇಪೋರ್ಟ್ 1.2ರ ವೇಗದಲ್ಲಿ ಎರಡು ದಾರಿಯಲ್ಲಿ 4ಕೆ ಚಿತ್ರ 60 ಹರ್ಟ್ಸಿನಲ್ಲಿ ಹಿಡಿಸುವುದಿಲ್ಲ, 30ಕ್ಕೆ ಇಳಿಸಿದರೆ ಹಿಡಿಸುತ್ತದೆ. ಹಬ್ಬಿನಿಂದ ಮಾನಿಟರಿಗೆ ಚಿತ್ರ ಕಳಿಸುವ ಎಚ್‌ಡಿಎಂಐ ತೂತು 1.4 ಆಗಿದ್ದರೂ ಅಷ್ಟೇ, 4ಕೆಗೆ 30ರ ಮೇಲೆ ಏರುವುದಿಲ್ಲ. ಡಬ್ಬದ ಮೇಲೆ ‘4ಕೆ’ ಅಂತ ದೊಡ್ಡದಾಗಿ ಹಾಕಿರುತ್ತಾರೆ, ಅದು ಸುಳ್ಳಲ್ಲ. ಆದರೆ ಪಕ್ಕದ 30 ಸಣ್ಣದಾಗಿರುತ್ತದೆ. ಡಿಸ್‌ಪ್ಲೇಪೋರ್ಟ್ 1.4 ಇರುವ ಲ್ಯಾಪ್‌ಟಾಪಿಗೆ ಅದಕ್ಕೆ ಒಪ್ಪುವ ಹಬ್ ಹಾಕಿದರೆ 60 ಬರುತ್ತದೆ. ಅವುಗಳ ಬೆಲೆ ಜಾಸ್ತಿ.

ನಿಮಗೆ ಅದು ಬೇಡ. ಟೈಪ್-ಸಿಯಿಂದ ನೇರ ಡಿಸ್‌ಪ್ಲೇಪೋರ್ಟಿಗೆ ಹೋಗುವ ಒಂದು ಕೇಬಲ್ ತಗೊಳ್ಳಿ. ‘4ಕೆ 60 ಹರ್ಟ್ಸ್’ ಅಂತ ಎರಡೂ ಸೇರಿ ಬರೆದಿರಲಿ. ಅದು ನಾಲ್ಕೂ ದಾರಿಯನ್ನು ಚಿತ್ರಕ್ಕೇ ಬಳಸುತ್ತದೆ. ಡಿ-ಪಿ ಗುರುತಿನ ಹಿಂದಿನ ಪೋರ್ಟಿನಿಂದ ನೇರ ಮಾನಿಟರಿಗೆ ಹಾಕಿ. ಹಬ್ಬನ್ನು ಮುಂದಿನ ಪೋರ್ಟಿಗೆ ಸರಿಸಿ. ಅದಕ್ಕೆ ಎಸ್‌ಎಸ್‌ಡಿ, ಪ್ರಿಂಟರ್, ಮತ್ತೆ ಚಾರ್ಜರ್. ಮುಂದಿನ ಪೋರ್ಟಿನಲ್ಲಿ ಚಾರ್ಜ್ ಆಗುತ್ತದಾ ಅಂತ ಮೊದಲು ನೇರ ಹಾಕಿ ನೋಡಿಕೊಳ್ಳಿ. ಹಬ್ಬಿನ ಮೂಲಕ ಹೋದರೆ ಹಬ್ ತನಗೆ ಅಂತ ಒಂದಷ್ಟು ವ್ಯಾಟ್ ಇಟ್ಟುಕೊಳ್ಳುತ್ತದೆ, 65 ಪೂರ್ತಿ ಒಳಗೆ ಹೋಗುವುದಿಲ್ಲ. ನಿಮ್ಮ ಕೆಲಸಕ್ಕೆ ಅದರಿಂದ ತೊಂದರೆ ಆಗಲಾರದು.

ಹಬ್ ವಾಪಸ್ ಕೊಡಬೇಡಿ, ಲ್ಯಾಪ್‌ಟಾಪ್ ಅಂತೂ ಕೊಡಲೇಬೇಡಿ.

ಸಾಗರ_ಡಿಟಿಪಿ:

ಐದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಸಾಗರದಲ್ಲಿ ಆ ಕೇಬಲ್ ಸಿಗಲಿಲ್ಲ, ಯಜಮಾನರು ಪೇಪರ್ ತರಲು ಶಿವಮೊಗ್ಗಕ್ಕೆ ಹೋದವರು ಹುಡುಕಿ ತಂದರು. ಮೊದಲು ಅಂಗಡಿಯವರು ಟೈಪ್-ಸಿಯಿಂದ ಎಚ್‌ಡಿಎಂಐ ಹೋಗುವುದನ್ನು ಕೊಟ್ಟರಂತೆ, ಅದರ ಮೇಲೆ 30 ಅಂತ ಇತ್ತಂತೆ. ನೀವು ಬರೆದದ್ದನ್ನು ಇವರು ಫೋನಿನಲ್ಲೇ ತೋರಿಸಿ ಬೇರೆ ತೆಗೆಸಿದ್ದಾರೆ.

ಹಾಕಿದ ಕೂಡಲೇ ಮಾನಿಟರ್ ಬಂತು. ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ 60 ತೋರಿಸಿತು. ಮುಂದಿನ ಪೋರ್ಟಿನಲ್ಲೂ ಚಾರ್ಜ್ ಆಗುತ್ತದೆ, ಹಬ್ ಈಗ ಅಲ್ಲೇ ಇದೆ. ಅರ್ಥಿಂಗ್ ವೈರನ್ನೂ ಎಳೆಸಿದೆವು. ನಿನ್ನೆ ಎಸ್‌ಎಸ್‌ಡಿಯಿಂದ ಹಳೇ ಫೈಲುಗಳನ್ನು ಕಾಪಿಗೆ ಹಾಕಿ, ಅದು ಓಡುತ್ತಿರುವಾಗಲೇ ಒಂದು ಉಪನಯನದ ಕಾರ್ಡು ಕೂತು ಮುಗಿಸಿದೆ. ಕೊನೆಯಲ್ಲಿ ‘ಆಶೀರ್ವದಿಸಬೇಕಾಗಿ’ ಸಾಲನ್ನು ಹಿಡಿದು ಕೂದಲೆಳೆಯಷ್ಟು ಮೇಲೆ ಸರಿಸಿದೆ. ಎಲ್ಲಿ ಬೇಕೋ ಅಲ್ಲೇ ನಿಂತಿತು.