ಪುಟ್ಟ ಎಂಜಿನ್ನಿನ ಬಣ್ಣಕ್ಕೆ ಏನನ್ನೋಣ? (ಬೋರ್ಡು ನಾಳೆ ಪ್ರಿಂಟಿಗೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ. ನಮ್ಮ ಸೋದರಮಾವ ಪುಟ್ಟ ರೈಲು ಎಂಜಿನ್ ಕೂಡಿಸುವವರು. ಎಲ್ಲವೂ 1:87 ಅಳತೆ, ಓಡುವ ಹಳಿ 16.5 ಮಿ.ಮೀ. ಅಗಲ. ಒಂದೊಂದೂ ಗೇಣಿಗಿಂತ ಚಿಕ್ಕದು. ಅಂಗಡಿಯ ಬಣ್ಣ ತೆಗೆದು, ಕಿಟಕಿಗೆ ಟೇಪು ಅಂಟಿಸಿ, ಏರ್‌ಬ್ರಷ್ಷಿನಲ್ಲಿ ತಾವೇ ಹೊಸ ಬಣ್ಣ ಕೊಡುತ್ತಾರೆ. ಹಳೇ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್‌ಗಳಿಗೆ, ಅವನ್ನು ನೋಡಿಕೊಳ್ಳುವ ಶೆಡ್ಡಿಗೊಂದು ಬಣ್ಣ ಇತ್ತಲ್ಲ, ಆ ಥರ. ಕೆಲವಕ್ಕೆ ಯಾವ ಶೆಡ್ಡಿನದೂ ಅಲ್ಲದ, ಅವರ ಮನಸ್ಸಿಗೆ ಬಂದ ಬಣ್ಣ. ಈ ಎಂಜಿನ್ನುಗಳನ್ನು ಊರ ಲೈಬ್ರರಿಯಲ್ಲಿ ನೋಡಲು ಇಡುತ್ತಿದ್ದೇವೆ, ಬೋರ್ಡು ಅದಕ್ಕೇ.

ಮಾಡೆಲ್, ಲಿವರಿ (ಶೆಡ್ಡಿಗೊಂದು ಎಂದೆನಲ್ಲ, ಆ ಬಣ್ಣ), ವೆದರಿಂಗ್: ಈ ಮೂರಕ್ಕೂ ಕನ್ನಡ ಬೇಕು. "ಮಾದರಿ ರೈಲು" ಎಂದು ಬರೆದರೆ ನಮ್ಮತ್ತೆ "ಟೈಮಿಗೆ ಸರಿಯಾಗಿ ಬರೋದಾ?" ಎಂದು ಕೇಳಿದರು. "ಆಟಿಕೆ" ಎಂದರೆ ಮಾವ ಊಟ ಬಿಡುತ್ತಾರೆ. "ಪುಟಾಣಿ ರೈಲು" ಎಂದರೆ ಕಬ್ಬನ್ ಪಾರ್ಕಿಗೆ ಹೋಗುತ್ತದೆ.

— ಅರಸೀಕೆರೆಯಿಂದ

ಮಾದರಿಯೂ ಬೇಡ, ಎಂಜಿನ್ನೂ ಬೇಡ. ಕಿರಿದಕ್ಕೆ "ಕಿರು" ಇದೆ, ಎಳೆಯುವುದಕ್ಕೆ "ಎಳೆ" ಇದೆ. ಕಿರು ಎಳೆಬಂಡಿ. ಲಿವರಿಗೆ "ಬಣ್ಣದುಡುಗೆ". ಎಲ್ಲ ನಮ್ಮದೇ ಪದ. "ವರ್ಣವಿನ್ಯಾಸ" ಎಂದು ಸಂಸ್ಕೃತ ತಂದು ಸುರಿಯಬೇಡಿ.

— ಸಾಗರದವ

ಎಳೆಬಂಡಿ ಎಂದರೆ ಎಳೆಸೌತೆಯ ತಮ್ಮನ ಹಾಗಿದೆ. ಇನ್ನು "ಬಣ್ಣ" ನಮ್ಮದೇ ಎಂದಿರಲ್ಲ, ಅದು "ವರ್ಣ"ದ ತದ್ಭವ ಸ್ವಾಮಿ.

— ಮೈಸೂರು

"ಬಣ್ಣ ಬಳಿದ" ಎಂದರೂ ಆಗದು, ಬಳಿಯುವುದು ಸುಣ್ಣ. "ಬಣ್ಣ ಹಚ್ಚಿದ" ಎಂದರೆ ನಾಟಕಕ್ಕೆ ಹೊರಟ ಹಾಗೆ. ಹಾಗಾಗಿ ನನ್ನ ಓಟು "ವೇಷ"ಕ್ಕೆ: ಎಂಜಿನ್ ಅದೇ, ಶೆಡ್ಡು ಬದಲಾದರೆ ವೇಷ ಬದಲು. ಆದರೆ "ಬಣ್ಣದ ವೇಷ" ಮಾತ್ರ ಹಾಕಬೇಡಿ. ನಮ್ಮ ಕಡೆ ಯಕ್ಷಗಾನದಲ್ಲಿ ಅದು ರಾಕ್ಷಸರದು.

ವೆದರಿಂಗ್ ಎಂದರೆ ಏನು ಮಾಡುತ್ತಾರೆ?

— ಪುತ್ತೂರು

ಹೊಗೆ ಬಿಡುವ ಕಡೆ ಕಪ್ಪು ಪುಡಿ ತೀಡುತ್ತಾರೆ, ಚಕ್ರದ ಹತ್ತಿರ ತುಕ್ಕಿನ ಬಣ್ಣ ಮುಟ್ಟಿಸುತ್ತಾರೆ. ಬಹಳ ಓಡಿದ ಹಾಗೆ ಕಾಣಲಿ ಅಂತ.

— ಅರಸೀಕೆರೆಯಿಂದ

"ಶಿಥಿಲೀಕರಣ".

— ಮೈಸೂರು

ಏನ್ರೀ, ಶಿಥಿಲವಾದದ್ದು ಎಂಜಿನ್ನೋ ಕಟ್ಟಡವೋ? ನಮ್ಮವ್ವ ಹಳೇ ಧೋತರಕ್ಕೆ "ಮಾಸ್ಯದ" ಅಂತಾಳೆ. ಮಾಸಲು. ಮಾಸಲು ಹಿಡಿಸಿದ ಎಂಜಿನ್. ಮುಗೀತು.

— ಹುಬ್ಬಳ್ಳಿ

ಮುಗಿದಿಲ್ಲ. ಎಂಜಿನ್ ಬಿಡಿ, "ರೈಲು" ಯಾಕೆ? ಉಗಿಬಂಡಿ ಇದೆಯಲ್ಲ. ತದ್ಭವ ಎಂದರೆ ನಮ್ಮ ಬಾಯಿಗೆ ಒಗ್ಗಿದ್ದು, ಅದು ಬೇರೆ ಮಾತು.

— ಸಾಗರದವ

ಡೀಸೆಲ್ಲಿಗೆ ಎಲ್ಲಿಯ ಉಗಿ? ಒಗ್ಗುವ ಮಾತಿಗೆ ಬಂದರೆ ರೈಲಿಗಿಂತ ಒಗ್ಗಿದ್ದು ಬೇರೆ ಇಲ್ಲ. ಇಂಗ್ಲಿಷಿನ ರೈಲ್ ಕಂಬಿ. ನಾವು ಕೊನೆಗೊಂದು ಉಕಾರ ಹಚ್ಚಿ ಬಂಡಿಗೇ ಆ ಹೆಸರಿಟ್ಟೆವು. ಕಂಬಿಗೆ ನಮ್ಮ ಹಳಿ, ಕಂಬಿ ಹಾಗೇ ಉಳಿದವು. ಇದನ್ನು ಸಾಲ ಅನ್ನಲು ಆಗುತ್ತಾ? ಸಾಲ ತಂದವನು ನೋಟಿನ ಬೆಲೆಯನ್ನೇ ಬದಲಿಸಿಬಿಟ್ಟಿದ್ದಾನೆ.

— ಪುತ್ತೂರು

ಈ ತರ್ಕಕ್ಕೆ ಉತ್ತರ ಕೊಡುವುದಿಲ್ಲ.

— ಸಾಗರದವ

ಪ್ರಿಂಟಿನವರು ಎರಡು ಸಲ ಫೋನ್ ಮಾಡಿದರು, ಕಳಿಸಿಬಿಟ್ಟೆ. "ಪುಟ್ಟ ರೈಲು ಎಂಜಿನ್ನುಗಳು. ಬಣ್ಣ, ವೇಷ, ಮಾಸಲು ಎಲ್ಲ ಮನೆಯದೇ ಕೈಕೆಲಸ." ಮಾವ ಓದಿ "ಮಾಸಲು" ಕಡೆ ಬೆರಳಿಟ್ಟು ನಕ್ಕರು. ವೇಷದ ಬಗ್ಗೆ ಏನೂ ಹೇಳಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

— ಅರಸೀಕೆರೆಯಿಂದ

"ಎಂಜಿನ್ನುಗಳು" ಎಂದು ನಕಾರಕ್ಕೆ ಒತ್ತು ಯಾಕೆ? "ಎಂಜಿನುಗಳು" ಸಾಕಲ್ವಾ?

— ಮೈಸೂರು